ಜಿಮ್ನಿಗೆ ಸೆಕೆಂಡ್ ಹ್ಯಾಂಡ್ ಸ್ಟೀಲ್ ಬಂಪರ್: ನೋಡಲು ಹೋದಾಗ ಏನೇನು ನೋಡಬೇಕು?

ಕೆಂಪು_ಜಿಮ್ನಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಸುಜುಕಿಯ ಹಳೇ ಮೂರು ಬಾಗಿಲಿನ ಜಿಮ್ನಿ ಜೀಪು ಇದೆ, ಜೆಬಿ43 ಅನ್ನುವ ಮಾಡೆಲ್. ಡಾಂಬರು ಮುಗಿದ ಮೇಲೇ ಅದಕ್ಕೆ ನಿಜವಾದ ಕೆಲಸ. ಕಂಪನಿಯ ಪ್ಲಾಸ್ಟಿಕ್ ಬಂಪರ್ ಕಲ್ಲಿಗೆ ತಾಗಿ ತಾಗಿ ಕೆಳಗಿನ ಅಂಚು ಎರಡೂ ಕಡೆ ಸೀಳಿದೆ. ಕ್ಲಿಪ್ಪುಗಳೆಲ್ಲ ಹೋಗಿ ಈಗ ಕೇಬಲ್ ಟೈ ಮೇಲೆ ನಿಂತಿದೆ.

ಹೊಸ ಸ್ಟೀಲ್ ಬಂಪರ್ ನನ್ನ ಕೈಗೆ ಎಟುಕುವುದಿಲ್ಲ. ಒಬ್ಬರು ಇದೇ ಮಾಡೆಲ್ಲಿನ ಹಳೇ ಬಂಪರ್ ಮಾರುತ್ತಿದ್ದಾರೆ. ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಯಂತ್ರ) ಕೂರಿಸುವ ಜಾಗ ಇರುವಂಥದ್ದು. ಜೊತೆಗೆ 4.3 ಟನ್ನಿನ ಎಲೆಕ್ಟ್ರಿಕ್ ವಿಂಚ್ ಕೂಡ ಕೊಡುತ್ತಾರಂತೆ, ಉಕ್ಕಿನ ಹಗ್ಗದ್ದು. ಬಂಪರ್ 40 ಕೆಜಿ, ವಿಂಚ್ ಸುಮಾರು ಅಷ್ಟೇ ತೂಗುತ್ತದೆ ಅಂದರು. ಫೋಟೋದಲ್ಲಿ ಕಪ್ಪು ಬಣ್ಣ ಮಿರಮಿರ ಹೊಳೆಯುತ್ತಿದೆ. ಎಡಗಡೆ ಮೂಲೆ ಮಾತ್ರ ಸ್ವಲ್ಪ ಮೇಲಕ್ಕೆ ಎದ್ದ ಹಾಗೆ ಕಾಣುತ್ತದೆ. ಕೇಳಿದರೆ ‘ಫೋಟೋ ತೆಗೆದ ಆ್ಯಂಗಲ್ ಹಾಗಿದೆ’ ಅಂತಾರೆ.

ಹೋಗಿ ನೋಡುವ ಮುಂಚೆ ನಿಮ್ಮನ್ನೊಂದು ಮಾತು ಕೇಳೋಣ ಅನ್ನಿಸಿತು. ಯಾವುದನ್ನು ನೋಡಿ ಬೇಡ ಅನ್ನಬೇಕು? ಏರ್‌ಬ್ಯಾಗಿಗೆ ಏನಾದರೂ ತೊಂದರೆ ಆಗುತ್ತಾ? ಆಮೇಲೆ, ನಾನೂ ನನ್ನ ತಮ್ಮನೂ ಸೇರಿ ಮನೆಯಲ್ಲೇ ಕೂರಿಸಬಹುದಾ? ಪಾನಾ, ಸಾಕೆಟ್, ಜಾಕಿ ಎಲ್ಲ ಇದೆ. ವೆಲ್ಡಿಂಗ್ ಮಾತ್ರ ಬರುವುದಿಲ್ಲ.

ಗ್ರೈಂಡರ್_ಕಿಡಿ:

ನಾನು ವೆಲ್ಡಿಂಗ್ ಕೆಲಸದವನು. ಬಂಪರ್ ಮಾಡಿದ್ದೂ ಉಂಟು, ಬೇರೆಯವರು ಮಾಡಿದ್ದನ್ನು ಬಿಚ್ಚಿ ಸರಿಮಾಡಿದ್ದು ಅದಕ್ಕಿಂತ ಜಾಸ್ತಿ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹಳೇ ಬಂಪರ್ ನೋಡಲು ಹೋದವರೆಲ್ಲ ಅದರ ಮುಂದೆ ನಿಂತು ನೋಡುತ್ತಾರೆ. ನೀವು ಹಿಂದೆ ಹೋಗಿ ಕೂತು ನೋಡಿ. ಅಲ್ಲಿ ಚಾಸಿಸ್‌ಗೆ ಸೇರುವ ಎರಡು ಬ್ರಾಕೆಟ್ ಇರುತ್ತವೆ. ಪೆಟ್ಟು ಬಿದ್ದರೂ, ವಿಂಚ್ ಎಳೆದರೂ, ಹೊಂಡದಲ್ಲಿ ಗಾಡಿ ಕುಪ್ಪಳಿಸಿದರೂ ಹೊರೆ ಬಂದು ಬೀಳುವುದು ಆ ಎರಡರ ಮೇಲೆ. ಮುಂದಿನ ತಗಡು ನೆಗ್ಗಿದ್ದರೆ ನೆಗ್ಗಲಿ ಬಿಡಿ, ಬಡಿದು ಸರಿ ಮಾಡಬಹುದು. ಬ್ರಾಕೆಟ್ ಕೆಟ್ಟಿದ್ದರೆ ಆ ಬಂಪರ್ ಬರೀ ಭಾರ.

ಮೊದಲು ಬೋಲ್ಟ್ ತೂತುಗಳನ್ನು ನೋಡಿ. ದುಂಡಗೆ ಇರಬೇಕು. ಕೆಲವು ಬಂಪರ್‌ಗಳಲ್ಲಿ ಹೊಂದಿಸಿಕೊಳ್ಳಲಿ ಅಂತ ಉದ್ದ ತೂತು ಕೊಟ್ಟಿರುತ್ತಾರೆ. ಅದರ ಅಂಚು ನೇರವಾಗಿ, ಎರಡೂ ಕಡೆ ಒಂದೇ ಅಳತೆಯಲ್ಲಿ ಇರುತ್ತದೆ. ಹಾಗಲ್ಲದೆ ದುಂಡು ತೂತೊಂದು ಕೋಳಿಮೊಟ್ಟೆ ಆಕಾರಕ್ಕೆ ಹಿಗ್ಗಿ ಅಂಚು ಹೊಳೆಯುತ್ತಿದ್ದರೆ, ಬೋಲ್ಟ್ ಸಡಿಲವಾಗಿಯೇ ಬಹಳ ದಿನ ಓಡಿಸಿದ್ದಾರೆ ಅಂತ ಅರ್ಥ. ಪಟ್ಟಿ ಸೊಟ್ಟಗಾಗಿದೆಯಾ ಅಂತ ಸ್ಟೀಲ್ ಸ್ಕೇಲ್ ಇಟ್ಟು ನೋಡಿ. ಕೆಳಗೆ ಬೆಳಕು ನುಸುಳಿದರೆ ಬಾಗಿದೆ.

ಆಮೇಲೆ ವೆಲ್ಡಿಂಗ್. ಬಿರುಕು ಸಾಮಾನ್ಯವಾಗಿ ವೆಲ್ಡಿಂಗ್ ನಡುವೆ ಬರುವುದಿಲ್ಲ. ವೆಲ್ಡಿಂಗ್ ಮುಗಿದು ತಗಡು ಶುರುವಾಗುವ ಗೆರೆಯಲ್ಲಿ ಬರುತ್ತದೆ. ಬಣ್ಣದ ಮೇಲೆ ಕೂದಲೆಳೆಯಷ್ಟು ತೆಳ್ಳಗೆ ಕಂದು ಗೆರೆ ಕಂಡರೆ ಅದು ತುಕ್ಕಿನ ನೀರು ಒಸರಿದ ಗುರುತು. ಅಲ್ಲಿ ಅನುಮಾನ ಇದ್ದರೆ ಬಣ್ಣ ಕೆರೆದು ಬಿರುಕು ಪರೀಕ್ಷೆಯ ಸ್ಪ್ರೇ ಹೊಡೆಯಬಹುದು. ಕೆಂಪು ದ್ರವ ಹೊಡೆದು ಒಂದು ಹತ್ತು ಹದಿನೈದು ನಿಮಿಷ ಬಿಟ್ಟು ಪೂರ್ತಿ ಒರೆಸಬೇಕು. ಮೇಲೆ ಬಿಳಿ ಪುಡಿಯ ಸ್ಪ್ರೇ ಹೊಡೆಯಬೇಕು. ಬಿರುಕಿದ್ದರೆ ಬಿಳಿ ಮೇಲೆ ಕೆಂಪು ಗೆರೆ ಎದ್ದು ಬರುತ್ತದೆ.

ಮಿರಮಿರ ಹೊಸ ಬಣ್ಣ ನನಗೆ ಅಷ್ಟು ಹಿಡಿಸುವುದಿಲ್ಲ. ಕಲ್ಲಿಗೆ ತಿಕ್ಕಿದ ಗೀರು ಕಾಣುವ ಬಂಪರ್ ಆದರೆ ಅದರ ಕಥೆಯೆಲ್ಲ ಕಣ್ಣಿಗೇ ಕಾಣುತ್ತದೆ. ಹೋಗುವಾಗ ಒಂದು ಸಣ್ಣ ಮ್ಯಾಗ್ನೆಟ್ ಒಯ್ಯಿರಿ. ಎಲ್ಲ ಕಡೆ ಗಟ್ಟಿ ಹಿಡಿಯುವ ಮ್ಯಾಗ್ನೆಟ್ ಒಂದು ಕಡೆ ಜಾರಿದರೆ ಅಲ್ಲಿ ಪುಟ್ಟಿ ಮೆತ್ತಿದ್ದಾರೆ. ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾ ಹೋಗಿ. ಠಣ್ ಅನ್ನಬೇಕು. ದಬ್ ಅಂದರೆ ಒಳಗೆ ತುಕ್ಕು ಪದರ ಎದ್ದಿದೆ, ಇಲ್ಲವೇ ಕೆಸರು ಕಟ್ಟಿದೆ. ಪೆಟ್ಟಿಗೆ ಥರ ಮುಚ್ಚಿದ ಭಾಗಗಳಲ್ಲಿ ನೀರು ಇಳಿಯುವ ತೂತು ಇದೆಯಾ ನೋಡಿ. ಅದು ಇಲ್ಲದಿದ್ದರೆ, ಅಥವಾ ಮುಚ್ಚಿಹೋಗಿದ್ದರೆ, ಒಳಗಿನಿಂದ ತಿಂದುಕೊಂಡು ಬಂದಿರುತ್ತದೆ.

ಎದ್ದ ಮೂಲೆ ವಿಷಯಕ್ಕೆ ಟೇಪ್ ಸಾಕು. ಎಡ ಬ್ರಾಕೆಟ್ಟಿನ ಮೇಲಿನ ತೂತಿನಿಂದ ಬಲಗಡೆ ಕೆಳಮೂಲೆಗೆ ಅಳೆಯಿರಿ. ಬಲ ಬ್ರಾಕೆಟ್ಟಿನಿಂದ ಎಡಗಡೆ ಕೆಳಮೂಲೆಗೂ ಅಳೆಯಿರಿ. ಎರಡೂ ಒಂದೇ ಬರಬೇಕು. ಎರಡು ಮೂರು ಮಿಲಿಮೀಟರ್ ವ್ಯತ್ಯಾಸ ನಡೆಯುತ್ತದೆ. ಒಂದು ಸೆಂಟಿಮೀಟರ್ ಮೀರಿದರೆ ಪೆಟ್ಟು ತಿಂದಿದೆ ಅಂತ ಲೆಕ್ಕ.

ಇನ್ನು ವಿಂಚ್. ಅದನ್ನು ಬಿಡಿ ಅಂತ ನಾನು ನೇರವಾಗಿಯೇ ಹೇಳುತ್ತೇನೆ. ಪೂರ್ತಿ ತುಂಬಿದ ಗಾಡಿಯ ತೂಕದ ಒಂದೂವರೆಪಟ್ಟು ಎಳೆಯುವ ವಿಂಚ್ ಸಾಕು ಅನ್ನುವುದು ಎಲ್ಲರೂ ಒಪ್ಪುವ ಲೆಕ್ಕ. ನಿಮ್ಮ ಜಿಮ್ನಿ ತುಂಬಿದರೂ ಒಂದೂವರೆ ಟನ್ ದಾಟುವುದಿಲ್ಲ. ಅಂದರೆ ಎರಡೂಕಾಲು ಟನ್ ಸಾಕು. 4.3 ಟನ್ ಅಂದರೆ ನಿಮ್ಮದರ ಎರಡರಷ್ಟು ತೂಕದ ಗಾಡಿಯದ್ದು.

ಭಾರದ ಲೆಕ್ಕ ನೋಡಿ. ಬಂಪರ್ ಮತ್ತು ವಿಂಚ್ ಸೇರಿ 80 ಕೆಜಿ. ಇದು ಮುಂದಿನ ಆ್ಯಕ್ಸಲ್‌ಗಿಂತ ಸುಮಾರು 60 ಸೆಂಟಿಮೀಟರ್ ಮುಂದೆ ತೂಗುತ್ತದೆ ಅಂತಿಟ್ಟುಕೊಳ್ಳಿ. ನಿಮ್ಮ ಗಾಡಿಯ ವ್ಹೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಆ್ಯಕ್ಸಲ್‌ಗಳ ನಡುವಿನ ಅಂತರ, 2250 ಮಿಲಿಮೀಟರ್. ಆ್ಯಕ್ಸಲ್‌ನಿಂದ ಆಚೆ ತೂಗುವ ಭಾರ ಹಿಂಭಾಗವನ್ನು ಎತ್ತುತ್ತದೆ. ಹಾಗಾಗಿ ಮುಂದಿನ ಚಕ್ರಗಳಿಗೆ 80 ಅಲ್ಲ, ಸುಮಾರು 101 ಕೆಜಿ ಏರುತ್ತದೆ. ಹಿಂದಿನ ಚಕ್ರಗಳಿಂದ ಸುಮಾರು 21 ಕೆಜಿ ಇಳಿಯುತ್ತದೆ. ಬರೀ ಬಂಪರ್ ಆದರೆ ಮುಂದೆ 51, ಹಿಂದೆ 11 ಅಷ್ಟೇ. ಇಷ್ಟು ಸಣ್ಣ ಗಾಡಿಗೆ ಈ ವ್ಯತ್ಯಾಸ ಬ್ರೇಕ್ ಒತ್ತಿದಾಗ, ಇಳಿಜಾರಿನಲ್ಲಿ ತಿರುಗಿಸಿದಾಗ ಚೆನ್ನಾಗಿಯೇ ಗೊತ್ತಾಗುತ್ತದೆ.

ದಾರಿಹೋಕ:

ಏರ್‌ಬ್ಯಾಗ್ ಬಗ್ಗೆ ನಾನು ಹೇಳುತ್ತೇನೆ, ಯಾಕಂದರೆ ಇದನ್ನು ಕೊನೆಗೆ ಕೇಳುವವರೇ ಜಾಸ್ತಿ.

ಗಾಡಿಗೆ ಡಿಕ್ಕಿಯಾದಾಗ ವೇಗ ಎಷ್ಟು ಬೇಗ ಇಳಿಯುತ್ತಿದೆ ಅನ್ನುವುದನ್ನು ಸೆನ್ಸರ್ ಅಳೆಯುತ್ತದೆ. ಅದನ್ನು ನೋಡಿ ಏರ್‌ಬ್ಯಾಗ್ ಬಿಚ್ಚಬೇಕೋ ಬೇಡವೋ ಅಂತ ಕಂಪ್ಯೂಟರ್ ತೀರ್ಮಾನ ಮಾಡುತ್ತದೆ. ಆ ಲೆಕ್ಕವೆಲ್ಲ ಕಂಪನಿಯ ಬಂಪರ್ ಹೇಗೆ ಮುದುಡುತ್ತದೆ ಅನ್ನುವುದರ ಮೇಲೆ ಕೂತಿದೆ. ಸ್ವಲ್ಪವೂ ಮುದುಡದ ದಪ್ಪ ಪಟ್ಟಿ ತಂದು ಚಾಸಿಸ್‌ಗೆ ಕಚ್ಚಿಸಿದರೆ ಪೆಟ್ಟು ನೇರ ಒಳಗೆ ಬರುತ್ತದೆ. ಸಣ್ಣ ಪೆಟ್ಟಿಗೇ ಏರ್‌ಬ್ಯಾಗ್ ಬಿಚ್ಚಬಹುದು, ಬೇಕಾದ ಹೊತ್ತಿಗೆ ಬಿಚ್ಚದೆಯೂ ಇರಬಹುದು.

ಅದಕ್ಕೇ ಒಳ್ಳೆಯ ತಯಾರಕರು ಬ್ರಾಕೆಟ್ಟಿನಲ್ಲಿ ಬೇಕೆಂದೇ ಒಂದು ಮಡಿಕೆ ಅಥವಾ ಸೀಳು ಬಿಟ್ಟಿರುತ್ತಾರೆ. ಜೋರು ಪೆಟ್ಟಿಗೆ ಮೊದಲು ಅದು ಮಡಚಿಕೊಳ್ಳಲಿ ಅಂತ. ಹಳೇ ಬಂಪರ್‌ನಲ್ಲಿ ‘ಇಲ್ಲಿ ಬಲ ಕಡಿಮೆ ಇದೆ’ ಅಂತ ಆ ಜಾಗಕ್ಕೇ ಯಾರೋ ಪಟ್ಟಿ ಬೆಸೆದಿರುತ್ತಾರೆ. ಹಾಗೆ ಬೆಸೆದಿದ್ದರೆ ದಯವಿಟ್ಟು ವಾಪಸ್ ಬನ್ನಿ. ಬಂಪರ್ ಮೇಲೆ ತಯಾರಕರ ಹೆಸರು, ಮಾಡೆಲ್ ನಂಬರ್ ಇದ್ದರೆ ಬರೆದುಕೊಳ್ಳಿ. ಏರ್‌ಬ್ಯಾಗ್ ಇರುವ ಗಾಡಿಗೆ ಮಾಡಿದ್ದೇ, ನಿಮ್ಮ ಗಾಡಿ ತಯಾರಾದ ವರ್ಷಕ್ಕೆ ಹೊಂದುತ್ತದಾ ಅಂತ ತಯಾರಕರನ್ನೇ ಕೇಳಬಹುದು.

ಇನ್ನೊಂದು. ಎದುರಿಗೆ ಚೂಪಾಗಿ ಚಾಚಿದ ಕೊಳವೆ, ಅಂಚು ಇರುವಂಥದ್ದು ಬೇಡ. ಗಾಡಿ ಊರೊಳಗೂ ಓಡುತ್ತದೆ. ಎದುರಿಗೆ ಮಗು ಬಂದರೆ ಪ್ಲಾಸ್ಟಿಕ್ ಬಂಪರ್ ಸ್ವಲ್ಪವಾದರೂ ಬಗ್ಗುತ್ತದೆ, ಉಕ್ಕು ಬಗ್ಗುವುದಿಲ್ಲ. ನೀವಿರುವ ಕಡೆ ಇಂಥ ಬಂಪರ್‌ಗೆ ಕಾನೂನು ಒಪ್ಪುತ್ತದಾ, ವಿಮೆಯವರು ಏನನ್ನುತ್ತಾರೆ ಅಂತ ದುಡ್ಡು ಕೊಡುವ ಮುಂಚೆಯೇ ಕೇಳಿ.

ಕೆಂಪು_ಜಿಮ್ನಿ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಟಾರ್ಚ್, ಮ್ಯಾಗ್ನೆಟ್, ಟೇಪ್, ಸುತ್ತಿಗೆ ಹಿಡಿದು ಹೋಗಿ ಬಂದೆ. ಮಾರುವವರು ಒಳ್ಳೆಯವರು, ಎಷ್ಟು ಬೇಕಾದರೂ ನೋಡಿ ಅಂತ ಬಿಟ್ಟರು.

ಎದ್ದ ಮೂಲೆ ಫೋಟೋ ಆ್ಯಂಗಲ್ ಅಲ್ಲ. ಮೂಲೆಯಿಂದ ಮೂಲೆಗೆ ಅಳೆದಾಗ 14 ಮಿಲಿಮೀಟರ್ ವ್ಯತ್ಯಾಸ ಬಂತು. ಎಡ ಮೂಲೆಯಲ್ಲಿ ಅಂಗೈ ಅಗಲದ ಜಾಗದಲ್ಲಿ ಮ್ಯಾಗ್ನೆಟ್ ನಿಲ್ಲಲೇ ಇಲ್ಲ. ಉಗುರಿನಲ್ಲಿ ಒತ್ತಿದರೆ ಬಣ್ಣದ ಕೆಳಗೆ ಪುಟ್ಟಿ ಬಿಳಿಯಾಗಿ ಕಂಡಿತು. ಮಾರುವವರು ಅದನ್ನು ಹಾಗೆಯೇ ಕೊಂಡಿದ್ದಂತೆ, ಅವರಿಗೂ ಗೊತ್ತಿರಲಿಲ್ಲ.

ಬಲ ಬ್ರಾಕೆಟ್ ನನ್ನ ಕಣ್ಣಿಗೆ ಸರಿಯಾಗಿದೆ. ಎಡದರ ಕೆಳಗಿನ ತೂತು ಹಿಗ್ಗಿದೆ, ಕಿಡಿಯಣ್ಣ ಹೇಳಿದ ಹಾಗೆ ಅಂಚು ಹೊಳೆಯುತ್ತಿದೆ. ಎರಡೂ ಬ್ರಾಕೆಟ್ ಪ್ಲೇಟುಗಳು ಬಂಪರ್‌ಗೆ ಬೆಸೆದಿಲ್ಲ, ಬೋಲ್ಟಿನಲ್ಲಿ ಕೂತಿವೆ. ಮಡಿಕೆ ಹಾಗೆಯೇ ಇದೆ, ಅದರ ಮೇಲೆ ಯಾರೂ ಪಟ್ಟಿ ಹಾಕಿಲ್ಲ. ತಯಾರಕರ ಚೀಟಿ ಒಳಗಡೆ ಅಂಟಿಸಿದ್ದು ಓದುವ ಹಾಗಿದೆ.

ಇನ್ನೊಂದು ಕೇಳಬೇಕು. ಶ್ಯಾಕಲ್ (ಎಳೆಯುವ ಹಗ್ಗ ಸಿಕ್ಕಿಸುವ, ಪಿನ್ ಇರುವ ಕಬ್ಬಿಣದ ಬಳೆ) ಹಾಕುವ ಎರಡು ಕಿವಿಗಳಿವೆ ಮುಂದೆ. ಹಿಂದೆ ಕೈ ಹಾಕಿ ತಡವಿದರೆ ಏನೂ ಇಲ್ಲ. ಅಂದರೆ ಕಿವಿಯನ್ನು ಮುಂದಿನ ತಗಡಿಗೆ ಮಾತ್ರ ಬೆಸೆದಿದ್ದಾರೆ. ತಗಡು 4 ಮಿಲಿಮೀಟರ್. ಕಿವಿ ಮಾತ್ರ ಬಹಳ ದಪ್ಪ ಇದೆ. ಇದು ಸರಿನಾ?

ಗ್ರೈಂಡರ್_ಕಿಡಿ:

ಸರಿಯಿಲ್ಲ. ನೀವು ಹಿಂದೆ ಕೈ ಹಾಕಿ ನೋಡಿದ್ದು ಬಹಳ ಒಳ್ಳೆಯದಾಯಿತು.

ಕಿವಿ ಎಷ್ಟೇ ದಪ್ಪ ಇರಲಿ, ಅದನ್ನು ಹಿಡಿದಿರುವುದು 4 ಮಿಲಿಮೀಟರ್ ತಗಡು. ಸಿಕ್ಕಿಬಿದ್ದ ಗಾಡಿಯನ್ನು ಇನ್ನೊಂದು ಗಾಡಿ ಜಗ್ಗಿದರೆ ತಗಡಿನ ತುಂಡಿನ ಜೊತೆ ಕಿವಿ ಕಿತ್ತು ಬರುತ್ತದೆ. ಜಗ್ಗಲು ಕಟ್ಟಿದ ಬೆಲ್ಟು ಹಿಗ್ಗಿರುತ್ತದಲ್ಲ, ಅದರ ತುದಿಯಲ್ಲಿ ಆ ಕಬ್ಬಿಣ ಗಾಜು ಒಡೆದು ಒಳಗೆ ಬರುತ್ತದೆ. ಹೀಗೆ ಜೀವ ಹೋದದ್ದುಂಟು. ಸರಿಯಾದ ಕಿವಿ ತಗಡನ್ನು ತೂರಿ ಹಿಂದೆ ಹೋಗಿ, ಚಾಸಿಸ್ ಬ್ರಾಕೆಟ್ಟಿಗೇ ಸೇರಬೇಕು. ಎರಡೂ ಕಡೆ ಬೆಸೆದಿರಬೇಕು. 4.75 ಟನ್ನಿನ ಶ್ಯಾಕಲ್ಲಿನ ಪಿನ್ 22 ಮಿಲಿಮೀಟರ್ ದಪ್ಪ. ತೂತು ಅದಕ್ಕೆ ಹೊಂದಿಕೊಂಡು, ಸುತ್ತ ಸಾಕಷ್ಟು ಕಬ್ಬಿಣ ಉಳಿದಿರಬೇಕು.

ನಿಮ್ಮ ಬಂಪರ್‌ಗೆ ನನ್ನ ಸಲಹೆ: ಆ ಎರಡೂ ಕಿವಿಗಳನ್ನು ಕತ್ತರಿಸಿ ತೆಗೆಸಿಬಿಡಿ. ಹಾಗೇ ಬಿಟ್ಟರೆ ಯಾವತ್ತೋ ಒಂದು ದಿನ ಗೊತ್ತಿಲ್ಲದವರು ಅದಕ್ಕೇ ಹಗ್ಗ ಹಾಕುತ್ತಾರೆ. ಎಳೆಯುವ ಕೊಕ್ಕೆಯನ್ನು ಬೇರೆಯಾಗಿ ಚಾಸಿಸ್‌ಗೇ ಹಾಕಿಸಿ.

ಎಡ ಬ್ರಾಕೆಟ್ ಬೋಲ್ಟಿನದ್ದಾದ್ದರಿಂದ ಬಚಾವ್. ತಯಾರಕರಿಂದ ಅದೊಂದನ್ನೇ ತರಿಸಿ. ಅದೇ ಮಡಿಕೆ ಇರುವ ಅದೇ ಬ್ರಾಕೆಟ್ ಬೇಕು. ದಪ್ಪ ಪಟ್ಟಿ ಕತ್ತರಿಸಿ ಮಾಡಿಕೊಡುತ್ತೇನೆ ಅಂತ ಯಾರಾದರೂ ಅಂದರೆ ಒಪ್ಪಬೇಡಿ, ನನ್ನಂಥ ವೆಲ್ಡರ್ ಹೇಳಿದರೂ ಒಪ್ಪಬೇಡಿ. ಹಿಗ್ಗಿದ ತೂತನ್ನು ವೆಲ್ಡಿಂಗಿನಲ್ಲಿ ತುಂಬಿ ಮತ್ತೆ ಕೊರೆಯುವುದೂ ಈ ಜಾಗಕ್ಕೆ ಬೇಡ. ಎಡ ರೆಕ್ಕೆಯ, ಅಂದರೆ ಬಂಪರಿನ ಎಡ ತುದಿಯ, 14 ಮಿಲಿಮೀಟರ್ ಸೊಟ್ಟವನ್ನು ಪುಟ್ಟಿ ಕೆರೆದು, ಪ್ರೆಸ್ಸಿನಲ್ಲಿ ಒತ್ತಿ ತೆಗೆಯಬಹುದು. ಒತ್ತಿದ ಮೇಲೆ ಬಿರುಕು ಸ್ಪ್ರೇ ಹೊಡೆಸಿ ನೋಡಿ. ಇಷ್ಟು ಕೆಲಸ ಇದೆ ಅಂತ ಹೇಳಿ ಬೆಲೆ ಇಳಿಸಲು ಕೇಳಿ, ಅದು ನ್ಯಾಯವೇ.

ಬ್ರಾಕೆಟ್ ತರಿಸಲು ಆಗದಿದ್ದರೆ ಈ ಬಂಪರ್ ಬಿಟ್ಟುಬಿಡಿ.

ವೆಲ್ಡಿಂಗ್ ಏನಿದ್ದರೂ ಬಂಪರ್ ಬಿಚ್ಚಿಟ್ಟೇ ಮಾಡಿಸಿ. ಗಾಡಿಯ ಮೇಲೆ ಬೇಡ, ಕರೆಂಟು ಎಲೆಕ್ಟ್ರಾನಿಕ್ಸ್ ಒಳಗೆ ಹೋದರೆ ಕಷ್ಟ. ಸತುವಿನ ಲೇಪ ಇದ್ದರೆ ಬೆಸೆಯುವ ಜಾಗದಲ್ಲಿ ಪೂರ್ತಿ ಉಜ್ಜಿ ತೆಗೆಯಲಿ. ಆ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ಬಣ್ಣ ಅಂದರೆ ನಾನು ಸತು ಜಾಸ್ತಿ ಇರುವ ಪ್ರೈಮರ್, ಮೇಲೆ ಸಾದಾ ಕಪ್ಪು ಪೇಂಟ್ ಅನ್ನುವವನು. ಪೌಡರ್ ಕೋಟಿಂಗ್ ನೋಡಲು ಚಂದ. ಆದರೆ ಕಲ್ಲು ತಾಗಿ ಒಂದು ಕಡೆ ಎದ್ದರೆ ನೀರು ಅದರ ಕೆಳಗೇ ಹರಿದಾಡುತ್ತದೆ, ಹೊರಗೆ ಕಾಣುವುದಿಲ್ಲ. ಸಾದಾ ಪೇಂಟ್ ಆದರೆ ಮನೆಯಲ್ಲೇ ಬ್ರಷ್ಷಿನಲ್ಲಿ ಹಚ್ಚಬಹುದು.

ಕೂರಿಸುವುದು ಇಬ್ಬರು ಸೇರಿದರೆ ಖಂಡಿತ ಆಗುತ್ತದೆ. ಬ್ಯಾಟರಿ ತಂತಿ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಕೆಲಸ ಶುರುಮಾಡಿ. ಫಾಗ್ ಲೈಟ್ ವೈರು, ಮುಂದೆ ಸೆನ್ಸರ್ ಇದ್ದರೆ ಅದರ ವೈರು ಹೇಗಿತ್ತು ಅಂತ ಬಿಚ್ಚುವಾಗಲೇ ಫೋಟೋ ತೆಗೆದಿಡಿ. ಪ್ಲಾಸ್ಟಿಕ್ ತೆಗೆದಾಗ ಚಾಸಿಸ್ ತುದಿಗಳು ಬರಿಗಣ್ಣಿಗೆ ಸಿಗುತ್ತವೆ. ಅಷ್ಟರಲ್ಲೇ ಸ್ಟೀರಿಂಗ್ ಬಾಕ್ಸ್ ಸುತ್ತ ಚಾಸಿಸ್ ಬಿರುಕು ಬಿಟ್ಟಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿ.

ಬೋಲ್ಟ್ ಕೈಯಲ್ಲೇ ತಿರುಗಿಸಿ ಹಾಕಿ ನೋಡಿ. ಜಪಾನಿ ಗಾಡಿಗಳಲ್ಲಿ 12 ಮಿಲಿಮೀಟರ್ ಬೋಲ್ಟಿನ ಮರೆಯ (ಥ್ರೆಡ್) ಅಂತರ ಹೆಚ್ಚಾಗಿ 1.25 ಮಿಲಿಮೀಟರ್ ಇರುತ್ತದೆ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದು 1.75. ಪಾನಾದಲ್ಲಿ ಒತ್ತಾಯ ಮಾಡಿದರೆ ಚಾಸಿಸ್ ಒಳಗೆ ಬೆಸೆದ ನಟ್ಟು ಕಿತ್ತು ಸುಮ್ನೆ ಸುತ್ತಲು ಶುರುಮಾಡುತ್ತದೆ. ಆಮೇಲೆ ಅದನ್ನು ಹಿಡಿಯಲು ಚಾಸಿಸ್ ಕೊಯ್ಯಬೇಕಾಗುತ್ತದೆ. ಬೋಲ್ಟ್ 8.8 ದರ್ಜೆಯದು ಅಥವಾ 10.9 ಇರಲಿ. ತಲೆ ಮೇಲೆ ಅಚ್ಚೊತ್ತಿರುತ್ತದೆ. ತುಕ್ಕು ಹಿಡಿಯಲ್ಲ ಅಂತ ಸ್ಟೇನ್‌ಲೆಸ್ ಹಾಕಬೇಡಿ. 8.8 ಬೋಲ್ಟ್ 640 ಮೆಗಾಪಾಸ್ಕಲ್ ಸೆಳೆತದ ತನಕ ಕಾಯಂ ಹಿಗ್ಗದೆ ತಡೆಯುತ್ತದೆ, ಸಾಮಾನ್ಯ ಎ2-70 ಸ್ಟೇನ್‌ಲೆಸ್ 450ಕ್ಕೇ ಸೋಲುತ್ತದೆ.

ಜಾಕಿ ಮೇಲೆ ಮರದ ತುಂಡಿಟ್ಟು ಬಂಪರ್ ಎತ್ತಿ. ಒಬ್ಬರು ಜಾಕಿ ಹತ್ತಿರ, ಒಬ್ಬರು ಬೋಲ್ಟ್ ಹತ್ತಿರ. ಎಲ್ಲ ಬೋಲ್ಟ್ ಸಡಿಲವಾಗಿ ಹಾಕಿ ಮುಗಿಯುವ ತನಕ ಒಂದನ್ನೂ ಬಿಗಿ ಮಾಡಬೇಡಿ. ಈಗ ದೂರ ನಿಂತು ನೋಡಿ, ಬಾನೆಟ್ ಗೆರೆಗೂ ಬಂಪರ್ ಗೆರೆಗೂ ಹೊಂದಿದೆಯಾ ಅಂತ. ಮಡ್‌ಗಾರ್ಡಿಗೂ ಬಂಪರ್ ರೆಕ್ಕೆಗೂ ನಡುವೆ 15ರಿಂದ 20 ಮಿಲಿಮೀಟರ್ ಸಂದು ಬಿಡಿ. ಇದು ಮುಖ್ಯ. ಬಂಪರ್ ಚಾಸಿಸ್ ಮೇಲೆ ಕೂತಿದೆ, ಬಾಡಿ ರಬ್ಬರ್ ಮೇಲೆ ಕೂತಿದೆ. ಗಾಡಿ ಒಂದು ಚಕ್ರ ಎತ್ತಿ ತಿರುಚಿಕೊಂಡಾಗ ಎರಡೂ ಬೇರೆ ಬೇರೆ ಅಲ್ಲಾಡುತ್ತವೆ. ಸಂದು ಇಲ್ಲದಿದ್ದರೆ ಬಂಪರ್ ರೆಕ್ಕೆ ಮಡ್‌ಗಾರ್ಡನ್ನು ಮಡಚಿಬಿಡುತ್ತದೆ. ಅಂಗಳದಲ್ಲಿ ಸಂದು ಅಸಹ್ಯವಾಗಿ ಕಂಡರೂ ಪರವಾಗಿಲ್ಲ.

ಆಮೇಲೆ ಟಾರ್ಕ್ ರೆಂಚ್, ಅಂದರೆ ಎಷ್ಟು ಬಿಗಿ ಅಂತ ಅಳೆದು ತಿರುಗಿಸುವ ಪಾನಾ. ಬಂಪರ್ ಜೊತೆ ಬಂದ ಕಾಗದದಲ್ಲಿ ಏನಿದೆಯೋ ಅದೇ. ಕಾಗದ ಇಲ್ಲದಿದ್ದರೆ 12 ಮಿಲಿಮೀಟರಿನ 8.8 ಬೋಲ್ಟಿಗೆ, ಎಣ್ಣೆ ಹಚ್ಚದೆ, 80 ನ್ಯೂಟನ್ ಮೀಟರ್ ಆಸುಪಾಸು. ಒಂದೆರಡು ನೂರು ಕಿಲೋಮೀಟರ್ ಓಡಿಸಿ ಮತ್ತೆ ಎಲ್ಲವನ್ನೂ ಬಿಗಿ ನೋಡಿ. ಪ್ರತಿ ಬೋಲ್ಟಿನ ತಲೆಯಿಂದ ಬ್ರಾಕೆಟ್ ಮೇಲಕ್ಕೆ ಪೇಂಟಿನಲ್ಲಿ ಒಂದು ಗೆರೆ ಎಳೆದಿಡಿ. ಗೆರೆ ತಪ್ಪಿದ್ದರೆ ಬೋಲ್ಟ್ ತಿರುಗಿದೆ ಅಂತ ನಿಂತಲ್ಲೇ ಗೊತ್ತಾಗುತ್ತದೆ.

ಹಳ್ಳದ_ನೀರು:

ಕಿಡಿಯಣ್ಣ ಎಲ್ಲ ಹೇಳಿದ್ದಾರೆ, ಎರಡು ಸೇರಿಸುತ್ತೇನೆ. ಕೂರಿಸಿದ ಮೇಲೆ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಟೈರು ಬಂಪರ್ ರೆಕ್ಕೆಗೆ ತಾಗುತ್ತದಾ ನೋಡಿ. ನೆಟ್ಟಗೆ ನಿಂತ ಗಾಡಿಯಲ್ಲಿ ತಾಗದೇ ಇರಬಹುದು. ಒಂದು ಚಕ್ರವನ್ನು ದಿಬ್ಬ ಹತ್ತಿಸಿ ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗಲೂ ನೋಡಿ. ಟೈರು ದೊಡ್ಡದು ಹಾಕಿದ್ದರೆ ಇನ್ನೂ ಎಚ್ಚರ.

ಮುಂಭಾಗ ಸ್ವಲ್ಪ ಕುಸಿದರೆ ಹೆಡ್‌ಲೈಟ್ ಬೆಳಕೂ ಕೆಳಗಿಳಿಯುತ್ತದೆ. ಗೋಡೆ ಎದುರು ನಿಲ್ಲಿಸಿ ಬಂಪರ್ ಹಾಕುವ ಮುಂಚೆ ಬೆಳಕಿನ ಅಂಚಿಗೆ ಟೇಪ್ ಅಂಟಿಸಿ, ಹಾಕಿದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ ಹೊಂದಿಸಿ. ಮುಂದೆ ಯಾವತ್ತಾದರೂ ಸಣ್ಣ ವಿಂಚ್ ಹಾಕಿದರೆ ಉಕ್ಕಿನ ಹಗ್ಗದ ಬದಲು ಸಿಂಥೆಟಿಕ್ ಹಗ್ಗ ಹಾಕಿ, ಭಾರ ಎಷ್ಟೋ ಇಳಿಯುತ್ತದೆ. ಆದರೆ ಉಕ್ಕಿನ ಹಗ್ಗ ಓಡಿದ ಹಳೇ ರೋಲರ್ ಮೇಲೆ ಅದನ್ನು ಓಡಿಸಬೇಡಿ. ಗೀರುಗಳು ಹಗ್ಗವನ್ನು ಕೊಯ್ಯುತ್ತವೆ.

ಕೆಂಪು_ಜಿಮ್ನಿ:

ವಿಂಚ್ ಬೇಡ ಅಂದೆ, ಕಿವಿ ಮತ್ತು ಬ್ರಾಕೆಟ್ ವಿಷಯ ತೋರಿಸಿದೆ. ಅವರು ಬೆಲೆ ಇಳಿಸಿದರು. ತಯಾರಕರಿಗೆ ಮಾಡೆಲ್ ನಂಬರ್ ಕಳಿಸಿದೆ. ನನ್ನ ವರ್ಷದ ಗಾಡಿಗೆ, ಏರ್‌ಬ್ಯಾಗ್ ಸಮೇತ, ಹೊಂದುತ್ತದೆ ಅಂತ ಉತ್ತರ ಬಂತು. ಎಡ ಬ್ರಾಕೆಟ್ ಬಿಡಿಯಾಗಿ ಸಿಗುತ್ತದೆ. ಅದು ಕೈಗೆ ಬಂದ ಮೇಲೆ ಬಂಪರ್ ತರುವುದು ಅಂತ ಮಾತಾಗಿದೆ.

ಕಿಡಿಯಣ್ಣ, ಕೊನೇದೊಂದು. ಬರೀ ಬಂಪರ್ ಆದರೆ ಮುಂದಿನ ಸ್ಪ್ರಿಂಗ್ ಬದಲಿಸಬೇಕಾ?

ಗ್ರೈಂಡರ್_ಕಿಡಿ:

ಈಗಲೇ ಬೇಡ. ಮಟ್ಟದ ನೆಲದಲ್ಲಿ ನಿಲ್ಲಿಸಿ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಅಳೆದು ಬರೆದಿಡಿ, ಎರಡೂ ಕಡೆ. ಬಂಪರ್ ಹಾಕಿ ಕೆಲವು ದಿನ ಓಡಿಸಿ ಮತ್ತೆ ಅಳೆಯಿರಿ. ಹಳೇ ಪ್ಲಾಸ್ಟಿಕ್ ಬಂಪರ್, ಅದರ ಒಳಗಿನ ಪಟ್ಟಿ ತೆಗೆದ ತೂಕವೂ ಕಳೆಯುತ್ತದಲ್ಲ, ಹಾಗಾಗಿ ಇಳಿತ ಅಷ್ಟೇನೂ ಇರಲಾರದು. ಎರಡು ಸೆಂಟಿಮೀಟರ್‌ಗಿಂತ ಜಾಸ್ತಿ ಕುಸಿದಿದ್ದರೆ, ಅಥವಾ ಹೊಂಡದಲ್ಲಿ ಬಂಪ್ ಸ್ಟಾಪ್ (ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗ ತಡೆಯುವ ರಬ್ಬರ್) ಬಡಿಯುವ ಸದ್ದು ಬರತೊಡಗಿದರೆ ಆಗ ಮುಂದಿನ ಜೋಡಿ ಬದಲಿಸಿ. ಅಳತೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.